ಮನುಷ್ಯನ ಭಾಷೆಯಿಂದ ಪ್ರಾಣಿಗಳ ಭಾಷೆಯ ಕಡೆಗೆ

ಬುದ್ಧಿವಂತ ಪ್ರಾಣಿಗಳೊಡನೆ ಸಂವಾದ ಸಾಧ್ಯವೇ ಎಂಬ ಪ್ರಶ್ನೆ ವಿಜ್ಞಾನದ ಪರೀಕ್ಷೆಗೆ ಒಳಪಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಗೊರಸಿನಿಂದ ನೆಲ ಬಡಿದು ಲೆಕ್ಕಗಳಿಗೆ ಉತ್ತರ ಕೊಡುತ್ತಿತ್ತು. 1907ರಲ್ಲಿ ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ ಅದರ ಗುಟ್ಟನ್ನು ಹೊರಗೆಡವಿದರು. ಕೇಳುವವರಿಗೆ ಉತ್ತರ ತಿಳಿಯದಿದ್ದರೆ ಕುದುರೆಗೂ ತಿಳಿಯುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದೊಡನೆ ಅವರ ತಲೆ ಅರಿವಿಲ್ಲದೆಯೇ ತುಸು ಅಲುಗುತ್ತಿತ್ತು, ಹಾನ್ಸ್ ಅದನ್ನು ಕಂಡು ಬಡಿಯುವುದನ್ನು ನಿಲ್ಲಿಸುತ್ತಿತ್ತು. ಆ ಮೇಲಿನ ಸಂಶೋಧಕರು ಇಂಥ ಸುಳಿವುಗಳ ಬಗ್ಗೆ ಎಚ್ಚರವಹಿಸಿದರು. ಮನುಷ್ಯನ ಮೈಯನ್ನು ಅಷ್ಟು ಸೂಕ್ಷ್ಮವಾಗಿ ಓದಬಲ್ಲ ಕುದುರೆಯ ಶಕ್ತಿಯೇ ಅಧ್ಯಯನಕ್ಕೆ ಯೋಗ್ಯವಾದದ್ದು ಎಂದು ಮಾತ್ರ ಆಗ ಹೆಚ್ಚಿನವರಿಗೆ ಹೊಳೆಯಲಿಲ್ಲ.

ಮುಂದಿನ ಹಲವು ದಶಕಗಳು ಪ್ರಾಣಿಗಳಿಗೆ ಮನುಷ್ಯರ ಭಾಷೆ ಕಲಿಸುವುದರಲ್ಲಿ ಕಳೆದವು. ಅಮೆರಿಕದ ಹೇಯ್ಸ್ ದಂಪತಿ ವಿಕಿ ಎಂಬ ಚಿಂಪಾಂಜಿಯನ್ನು ಮನೆಯ ಮಗುವಿನಂತೆ ಬೆಳೆಸಿದರೂ ಅದರ ಬಾಯಿಂದ ಹೊರಟದ್ದು ಮೂರು ನಾಲ್ಕು ಪದ ಮಾತ್ರ. ಗಾರ್ಡ್ನರ್ ದಂಪತಿ 1966ರಲ್ಲಿ ವಾಶೋ ಎಂಬ ಚಿಂಪಾಂಜಿಗೆ ಕೈಸನ್ನೆಯ ಭಾಷೆ ಕಲಿಸತೊಡಗಿದಾಗ ಫಲ ಬೇರೆಯಾಯಿತು. ಅದು ನೂರಕ್ಕೂ ಹೆಚ್ಚು ಸನ್ನೆಗಳನ್ನು ಬಳಸಿತು.

ಈ ಉತ್ಸಾಹಕ್ಕೆ ತಣ್ಣೀರೆರಚಿದ್ದು ನಿಮ್ ಎಂಬ ಚಿಂಪಾಂಜಿಯ ಪ್ರಯೋಗ. ಕೊಲಂಬಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಟೆರೇಸ್ ಅದರ ವಿಡಿಯೊಗಳನ್ನು ಮತ್ತೆ ಮತ್ತೆ ನೋಡಿ, ನಿಮ್‌ನ ಬಹಳಷ್ಟು ಸನ್ನೆಗಳು ಶಿಕ್ಷಕರು ಆಗಷ್ಟೇ ಮಾಡಿದ್ದರ ಅನುಕರಣೆ, ಅದು ವಾಕ್ಯ ಕಟ್ಟುತ್ತಿಲ್ಲ ಎಂದು 1979ರಲ್ಲಿ ಪ್ರಕಟಿಸಿದರು. ವಾನರ ಭಾಷೆಯ ಸಂಶೋಧನೆಗೆ ಹಣದ ಹರಿವು ಬತ್ತಿತು. ಬಟ್ಟೆ ತೊಟ್ಟು ಮನುಷ್ಯರ ನಡುವೆ ಬೆಳೆದ ನಿಮ್ ಕೆಲವು ವರ್ಷಗಳಲ್ಲಿ ವೈದ್ಯಕೀಯ ಪ್ರಯೋಗಾಲಯವೊಂದರ ಪಂಜರ ಸೇರಿತು, ಜನರ ಪ್ರತಿಭಟನೆಯಿಂದಲೇ ಬಿಡುಗಡೆ ಕಂಡಿತು. ಈ ಕ್ಷೇತ್ರದ ಇತಿಹಾಸದಲ್ಲಿ ಮರೆಯಬಾರದ ಅನ್ಯಾಯವಿದು.

ಹಾಗೆಂದು ಆ ಮಾರ್ಗ ಪೂರ್ತಿ ಬರಿದಾಗಲಿಲ್ಲ. ಸಾಕುತಾಯಿಗೆ ಪಾಠ ನಡೆಯುತ್ತಿದ್ದಾಗ ಪಕ್ಕದಲ್ಲಿ ಆಡುತ್ತಿದ್ದ ಬೊನೊಬೊ ಮರಿ ಕಾಂಜಿ, ಯಾರೂ ಕಲಿಸದೆಯೇ ಚಿಹ್ನೆಗಳ ಫಲಕ ಬಳಸಲು ಕಲಿತಿತು. 1993ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು 660 ಇಂಗ್ಲಿಷ್ ವಾಕ್ಯಗಳ ಪೈಕಿ ಶೇ 72ರಷ್ಟಕ್ಕೆ ಸರಿಯಾಗಿ ಸ್ಪಂದಿಸಿತು. ಐರೀನ್ ಪೆಪ್ಪರ್‌ಬರ್ಗ್ ಸಾಕಿದ ಅಲೆಕ್ಸ್ ಎಂಬ ಬೂದು ಗಿಳಿ ಬಣ್ಣ, ಆಕಾರ, ಎಣಿಕೆಯನ್ನು ಗುರುತಿಸುತ್ತಿತ್ತು.

ದಿಕ್ಕು ಬದಲಿಸಿದವರು ಪ್ರಾಣಿಗಳನ್ನು ಅವುಗಳ ನೆಲೆಯಲ್ಲೇ ಆಲಿಸಿದವರು. ಜೇನುನೊಣದ ಕುಣಿತದಲ್ಲಿ ಹೂವಿರುವ ದಿಕ್ಕು ಮತ್ತು ದೂರದ ಮಾಹಿತಿಯಿದೆ ಎಂದು ತೋರಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ಕೀನ್ಯಾದ ಅಂಬೊಸೆಲಿಯ ವರ್ವೆಟ್ ಕೋತಿಗಳು ಚಿರತೆ, ಹದ್ದು, ಹಾವುಗಳಿಗೆ ಬೇರೆ ಬೇರೆ ಕೂಗು ಹಾಕುತ್ತವೆಂದು 1980ರಲ್ಲಿ ಪ್ರಕಟವಾಯಿತು. ರೋಜರ್ ಪೇನ್ 1970ರಲ್ಲಿ ಹೊರತಂದ ಹಂಪ್‌ಬ್ಯಾಕ್ ತಿಮಿಂಗಿಲಗಳ ಹಾಡಿನ ಆಲ್ಬಂ ಮನೆಮನೆ ತಲುಪಿತು, ತಿಮಿಂಗಿಲ ಬೇಟೆಯ ವಿರುದ್ಧ ಜನಾಭಿಪ್ರಾಯ ಕಟ್ಟಿತು. 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ ವಾಣಿಜ್ಯ ಬೇಟೆಗೆ ತಡೆ ಹಾಕಲು ನಿರ್ಧರಿಸಿತು. ಹಾಡಿನ ಅರ್ಥ ಒಬ್ಬರಿಗೂ ತಿಳಿದಿರಲಿಲ್ಲ. ಕೇಳಿಸಿಕೊಂಡದ್ದೇ ಇಷ್ಟು ಮಾಡಿತು.

ಎರಡೂ ಕಡೆಯಿಂದ ನಡೆಯುವ ಸಂವಾದದ ಉತ್ತಮ ನಿದರ್ಶನ ಮೊಜಾಂಬಿಕ್‌ನ ನಿಯಾಸಾ ಕಾಡಿನದು. ಅಲ್ಲಿನ ಯಾವೊ ಜನ ಜೇನು ಹುಡುಕಲು ಹೊರಟಾಗ ತುಟಿ ನಡುಗಿಸಿ 'ಬ್ರ್ರ್', ಕೊನೆಗೊಂದು 'ಹ್ಮ್' ಎಂದು ಕೂಗುತ್ತಾರೆ. ಹನಿಗೈಡ್ ಹಕ್ಕಿ ಕಿಚಕಿಚ ಎನ್ನುತ್ತ ಮರದಿಂದ ಮರಕ್ಕೆ ಹಾರಿ ಗೂಡಿನತ್ತ ಕರೆದೊಯ್ಯುತ್ತದೆ. ಜನ ಹೊಗೆ ಹಾಕಿ ಜೇನು ತೆಗೆಯುತ್ತಾರೆ, ಹಕ್ಕಿಗೆ ಮೇಣ ಸಿಗುತ್ತದೆ. ಕ್ಲೇರ್ ಸ್ಪಾಟಿಸ್‌ವುಡ್ ತಂಡದ 2016ರ ಅಧ್ಯಯನದಂತೆ, ಈ ಕೂಗಿನಿಂದ ಹಕ್ಕಿ ದಾರಿ ತೋರುವ ಸಂಭವ ಶೇ 33ರಿಂದ 66ಕ್ಕೆ ಏರುತ್ತದೆ. ಇವು ಯಾರೂ ಪಳಗಿಸದ ಕಾಡುಹಕ್ಕಿಗಳು.

ಸಂವಾದಕ್ಕೆ ಶ್ರಮಿಸಬೇಕಾದ ಕಾರಣ ಆನೆಗಳ ವಿಷಯದಲ್ಲಿ ಅತ್ಯಂತ ಸ್ಪಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2009ರಲ್ಲಿ ಏಷ್ಯಾದ ಕಾಡಾನೆಗಳ ದನಿಗಳನ್ನು ನಾಲ್ಕು ಬಗೆಗಳಾಗಿ ವಿಂಗಡಿಸಿದರು. ಜೇನುನೊಣಗಳ ಸದ್ದಿಗೆ ಬೆದರಿದ ಆನೆಗಳು ವಿಶಿಷ್ಟವಾದ ಗುಡುಗುದನಿಯಿಂದ ಉಳಿದವನ್ನು ಎಚ್ಚರಿಸುತ್ತವೆಂದು 2010ರಲ್ಲಿ ಕೀನ್ಯಾದಿಂದ ವರದಿಯಾಯಿತು. ಆನೆಗಳನ್ನು ಹೊಲದಿಂದ ದೂರವಿಡುವ ಜೇನುಪೆಟ್ಟಿಗೆಗಳ ಬೇಲಿಯ ಹಿಂದಿರುವುದು ಆ ಭಯದ ಅರಿವೇ. ಅಂಥ ಪ್ರಯೋಗ 2021ರಲ್ಲಿ ಕೊಡಗಿನಲ್ಲೂ ಶುರುವಾಯಿತು. ಕಂದಕ, ಪಟಾಕಿ, ವಿದ್ಯುತ್ ಬೇಲಿಗಳು ಆನೆಗೆ 'ಹೋಗು' ಎಂದಷ್ಟೇ ಹೇಳುತ್ತವೆ. ಅದರ ಮಾತು ಬಲ್ಲವರಿಗೆ ರೈತನ ಬೆಳೆ, ಪ್ರಾಣ ಮತ್ತು ಆನೆಯ ಪ್ರಾಣ ಎಲ್ಲವನ್ನೂ ಉಳಿಸುವ ಇನ್ನಷ್ಟು ದಾರಿಗಳು ಕಾಣಬಹುದು.

ಈಗ ಕೃತಕ ಬುದ್ಧಿಮತ್ತೆ ಪ್ರಾಣಿಗಳ ದನಿಗಳನ್ನು ಅರಿಯುವ ಕೆಲಸಕ್ಕೆ ಇಳಿದಿದೆ. ಡೊಮಿನಿಕಾ ದ್ವೀಪದ ಬಳಿಯ ಸ್ಪರ್ಮ್ ತಿಮಿಂಗಿಲಗಳ ಕ್ಲಿಕ್ ಸದ್ದುಗಳಲ್ಲಿ ಲಯ, ವೇಗಗಳನ್ನು ಬೆರೆಸಿ ಕಟ್ಟಿದ ವ್ಯವಸ್ಥೆಯಿದೆ ಎಂದು 2024ರಲ್ಲಿ ಗೊತ್ತಾಯಿತು. ಆಫ್ರಿಕಾದ ಆನೆಗಳು ಒಂದನ್ನೊಂದು ಹೆಸರಿನಂಥ ದನಿಯಿಂದ ಕರೆಯುವ ಸುಳಿವೂ ಅದೇ ವರ್ಷ ಸಿಕ್ಕಿತು. ಅರ್ಥ ಇನ್ನೂ ಕೈಗೆ ಹತ್ತಿಲ್ಲ. ಆದರೆ ಕಂಪ್ಯೂಟರ್ ಅಂಥ ಸದ್ದುಗಳನ್ನು ತಾನೇ ರಚಿಸಬಲ್ಲದು, ಅಪಾಯವಿರುವುದು ಅಲ್ಲಿ. 1996ರಲ್ಲಿ ಆಸ್ಟ್ರೇಲಿಯಾದ ಪೂರ್ವ ತೀರದಲ್ಲಿ ಪಶ್ಚಿಮ ತೀರದ ಹಾಡು ಹಾಡುವ ಎರಡು ಹಂಪ್‌ಬ್ಯಾಕ್‌ಗಳು ಕೇಳಿಬಂದವು. 1998ರ ವೇಳೆಗೆ ಅಲ್ಲಿನ ಗಂಡುಗಳೆಲ್ಲ ಹಳೆಯ ಹಾಡನ್ನು ಬಿಟ್ಟು ಅದನ್ನೇ ಹಾಡುತ್ತಿದ್ದವು. ಅರ್ಥ ತಿಳಿಯದೆ ಧ್ವನಿವರ್ಧಕದಿಂದ ಸಮುದ್ರಕ್ಕೆ ಬಿಟ್ಟ ಹಾಡೂ ಹಾಗೆಯೇ ಹರಡಬಹುದು. ಆದ್ದರಿಂದಲೇ ಇಂಥ ಪ್ರಯೋಗಗಳಿಗೆ ಮೊದಲು ನಿಯಮಗಳು ಬೇಕೆಂಬ ಒತ್ತಾಯ ಸಂಶೋಧಕರೊಳಗಿನಿಂದಲೇ ಬರುತ್ತಿದೆ.