ಸಾರುವೆ ಬಿಚ್ಚುವ ಮುನ್ನ: ದಂಡಿನ ಕಟ್ಟಡಗಳು ಮತ್ತು ಜಲವರ್ಣ

ಬೆಂಗಳೂರಿನ ಕಟ್ಟಡಗಳನ್ನು ಜಲವರ್ಣಕ್ಕೆ ತಂದವರಲ್ಲಿ ಮೊದಲಿಗರು ಯುದ್ಧಕ್ಕೆಂದು ಬಂದವರು. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಕೋಟೆಯನ್ನು ಗೆದ್ದಾಗ ಚಿತ್ರಕಾರ ರಾಬರ್ಟ್ ಹೋಮ್ ಜೊತೆಗಿದ್ದ. ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರನೂ ಕುಂಚ ಹಿಡಿದಿದ್ದ. ಹೈದರಾಲಿ 1781ರಲ್ಲಿ ತೊಡಗಿದ ಅರಮನೆಯನ್ನು ಟಿಪ್ಪು ಮುಗಿಸಿದ್ದು ಅದೇ 1791ರಲ್ಲಿ. ಹಾಗಾಗಿ ಹಂಟರ್ ಕಂಡದ್ದು ಬಣ್ಣ ಮಾಸದ ಹೊಸ ಅರಮನೆಯನ್ನು. ಮರುವರ್ಷವೇ ಆತ ತೀರಿಕೊಂಡ. ಅವನ ಮೈಸೂರು ಸೀಮೆಯ ಚಿತ್ರಗಳು ಲಂಡನ್ನಿನಲ್ಲಿ ಅಚ್ಚಾಗುವಾಗ ಹೊಸ ಶತಮಾನ ಬಂದಿತ್ತು.

1809ರಲ್ಲಿ ಬ್ರಿಟಿಷರ ದಂಡು (ಕಂಟೋನ್ಮೆಂಟ್) ನೆಲೆಯೂರಿದ ಮೇಲೆ ಕುಂಚ ಎಂಜಿನಿಯರರ ಕೈಗೆ ಬಂತು. ಈಸ್ಟ್ ಇಂಡಿಯಾ ಕಂಪನಿಯ ಆಡಿಸ್ಕಂಬ್ ಸೈನಿಕ ಶಾಲೆಯಲ್ಲಿ ಚಿತ್ರಕಲೆಯೂ ಪಾಠವೇ ಆಗಿತ್ತು. ಕ್ಯಾಮೆರಾ ಇಲ್ಲದ ಕಾಲದಲ್ಲಿ ಕೋಟೆಯನ್ನೋ ನದಿಯನ್ನೋ ದಾಖಲಿಸಲು ಬೇರೆ ದಾರಿಯಿರಲಿಲ್ಲ. ಅಲ್ಲಿ ಚಿತ್ರಕಲೆಗೆ ಬಹುಮಾನ ಪಡೆದ ಹುಡುಗನೊಬ್ಬ ಮುಂದೆ ಮೈಸೂರಿನ ಮುಖ್ಯ ಎಂಜಿನಿಯರ್ ಆದ. ಆತನೇ ರಿಚರ್ಡ್ ಸ್ಯಾಂಕಿ. ಆ ಕಾಲದ ನಕ್ಷೆಗಳೂ ಒಂದು ಬಗೆಯ ಜಲವರ್ಣಗಳೇ: ಇಟ್ಟಿಗೆಗೆ ನಸುಗೆಂಪು, ಮರಕ್ಕೆ ಹಳದಿ, ಕಬ್ಬಿಣಕ್ಕೆ ನೀಲಿ. ನನ್ನ ಮಟ್ಟಿಗೆ, ಕಟ್ಟಡ ಏಳುವ ಬಗೆಯನ್ನು ಇವುಗಳಷ್ಟು ಪ್ರಾಮಾಣಿಕವಾಗಿ ತೋರುವ ಚಿತ್ರ ಇನ್ನೊಂದಿಲ್ಲ.

ಸ್ಯಾಂಕಿಯ ಅಠಾರಾ ಕಚೇರಿ (ಇಂದಿನ ಹೈಕೋರ್ಟ್ ಕಟ್ಟಡ) 1864ರಿಂದ 1868ರವರೆಗೆ ಏಳುತ್ತಿತ್ತು. ಗುತ್ತಿಗೆ ಹಿಡಿದವರು ದಂಡಿನ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. 1873ರಲ್ಲಿ ಅವರು ತೆರೆದ ಶಾಲೆ ಹಲಸೂರು ಕೆರೆಯ ಸಮೀಪ ಇಂದಿಗೂ ಸಂಸ್ಥೆಯಾಗಿ ನಿಂತಿದೆ. ಅಠಾರಾ ಕಚೇರಿ ಎದ್ದ 1860ರ ದಶಕದಲ್ಲೇ ಬೌರಿಂಗ್ ಆಸ್ಪತ್ರೆ, ಸೇಂಟ್ ಆಂಡ್ರೂಸ್ ಚರ್ಚ್. ಆಮೇಲೆ ಶಿವಾಜಿನಗರದ ಸೇಂಟ್ ಮೇರಿ ಚರ್ಚು (1875-82), 1883ರಲ್ಲಿ ಮೇಯೊ ಹಾಲ್. ದಂಡಿನಲ್ಲಿ ಸುಮಾರು ಎರಡು ದಶಕ ಸಾರುವೆ ಇಳಿಯಲೇ ಇಲ್ಲ.

ಆದರೆ ಅಷ್ಟರಲ್ಲಿ ಕ್ಯಾಮೆರಾ ಬಂದುಬಿಟ್ಟಿತ್ತು. ಮದ್ರಾಸ್ ಸೈನ್ಯದ ಲಿನಿಯಸ್ ಟ್ರೈಪ್ 1854ರಲ್ಲೇ ಹಳೇಬೀಡು, ಬೇಲೂರುಗಳ ಛಾಯಾಚಿತ್ರ ತೆಗೆದಿದ್ದ. ಗೋಡೆಯ ಅಳತೆ, ಕಂಬದ ಕೆತ್ತನೆ ಹಿಡಿಯಲು ಕ್ಯಾಮೆರಾವೇ ಮೇಲು, ನಿಜ. ಆದರೆ ಆಗಿನ ಗಾಜಿನ ಫಲಕಕ್ಕೆ ಹಲವು ಸೆಕೆಂಡುಗಳ ಬೆಳಕು ಬೇಕಿತ್ತು. ನಿಂತ ಗೋಡೆ ಸ್ಪಷ್ಟವಾಗಿ ಮೂಡುತ್ತಿತ್ತು. ಗಾರೆ ಬಾಣಲೆ ಹೊತ್ತು ನಡೆಯುವ ಹೆಂಗಸು ಮಸುಕಾಗಿ ಅಳಿಸಿಹೋಗುತ್ತಿದ್ದಳು. ಬಣ್ಣವಂತೂ ಇರಲೇ ಇಲ್ಲ. ಗಿಲಾವು ಕಾಣದ ಇಟ್ಟಿಗೆಯ ಕೆಂಪು, ಸುಣ್ಣದ ಧೂಳು, ಕೂಲಿಯವರ ಚಲನೆ, ಇವನ್ನು ಒಟ್ಟಿಗೆ ಹಿಡಿಯಬಲ್ಲ ಕಲೆ ಜಲವರ್ಣವೇ. ಕ್ಯಾಮೆರಾ ಗೆದ್ದದ್ದರಿಂದ ದಂಡನ್ನು ಕಟ್ಟಿದ ಕೈಗಳಿಗೆ ನಷ್ಟವೇ ಆಯಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಪ್ಪತ್ತನೇ ಶತಮಾನದಲ್ಲಿ ಚಿತ್ರಕಾರ ರುಮಾಲೆ ಚನ್ನಬಸವಯ್ಯನವರ ಕುಂಚ ಬೆಂಗಳೂರಿನ ಹೂಮರಗಳತ್ತ ಹೊರಳಿತು. ನಮ್ಮ ಕಾಲದಲ್ಲಿ ವ್ಯಂಗ್ಯಚಿತ್ರಕಾರ ಪಾಲ್ ಫರ್ನಾಂಡಿಸ್ ಹಳೆಯ ದಂಡಿನ ಬೀದಿಗಳಿಗೆ ಮತ್ತೆ ಜನರನ್ನು ತಂದಿದ್ದಾರೆ.

ಹಲಸೂರು, ಶಿವಾಜಿನಗರದ ಹಳೆಯ ಗುತ್ತಿಗೆದಾರರ ಮನೆಗಳಲ್ಲಿ ಬಣ್ಣ ತುಂಬಿದ ನಕ್ಷೆಗಳೇನಾದರೂ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಲ್ಯಾಮಿನೇಷನ್ನೂ ಮಾಡಿಸಬೇಡಿ. ಬಿಸಿಲು ತಾಗದ ಕಡೆ ಮಡಿಸದೆ ಇಟ್ಟು, ಒಂದು ಪ್ರತಿಯನ್ನು ರಾಜ್ಯ ಪತ್ರಾಗಾರಕ್ಕೆ ಕೊಡಿ.