ಚಾವಡಿಯಿಂದ ಅಂಗೈಗೆ: ನಮ್ಮ ಕರಾವಳಿಯ ಮಕ್ಕಳೂ ಮೊಬೈಲೂ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಣಿಪಾಲದಿಂದ ನಮ್ಮ ಮನೆಗೆ ಬಂದಿದ್ದಳು. ಅವಳ ಮಗ ಏಳನೆಯ ತರಗತಿ ಮುಗಿಸಿದ್ದಾನೆ. "ಸರ್, ಅವನ ತರಗತಿಯಲ್ಲಿ ಎಲ್ಲರ ಹತ್ತಿರವೂ ಮೊಬೈಲ್ ಇದೆಯಂತೆ. ಕೊಡಿಸುವುದೋ ಬೇಡವೋ ತಿಳಿಯುತ್ತಿಲ್ಲ. ನೀವಾದರೋ ಕಾದಂಬರಿಯನ್ನೇ ಕಿತ್ತಿಟ್ಟುಕೊಂಡವರು, ನಿಮ್ಮನ್ನು ಕೇಳಿ ಏನು ಪ್ರಯೋಜನ!" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಅವಳು ಹೋದ ಬಳಿಕ ಆ ಮಾತು ಮನಸ್ಸನ್ನು ಕೊರೆಯತೊಡಗಿತು. ಕಿತ್ತಿಟ್ಟುಕೊಂಡದ್ದು ನಿಜ. ಕಾದಂಬರಿಯನ್ನಷ್ಟೇ ಅಲ್ಲ, ಒಮ್ಮೆ ಒಂದು ಮೊಬೈಲನ್ನೂ ಕಿತ್ತಿಟ್ಟುಕೊಂಡಿದ್ದೆ. ಆ ಪ್ರಸಂಗವನ್ನು ಇಷ್ಟು ವರ್ಷ ಯಾರಲ್ಲೂ ಹೇಳಿರಲಿಲ್ಲ. ಅದನ್ನು ಹೇಳಬೇಕಾದರೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನನ್ನ ಬಾಲ್ಯ ಕಳೆದದ್ದು ಕಾಪುವಿನಲ್ಲಿ, 1901ರಲ್ಲಿ ಕಟ್ಟಿದ ದೀಪಸ್ತಂಭದ ಬೆಳಕು ಕಾಣುವಷ್ಟು ದೂರದಲ್ಲಿ. 1956ರ ನವೆಂಬರಿನಲ್ಲಿ ನಮ್ಮ ಜಿಲ್ಲೆ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದಾಗ ನಾನು ಒಂದನೆಯ ತರಗತಿಯ ಹುಡುಗ. ಆ ಕಾಲದಲ್ಲಿ ನಮ್ಮೂರಿನ ಎಷ್ಟೋ ಮನೆಗಳ ಗಂಡಸರು ಬೊಂಬಾಯಿಯಲ್ಲಿದ್ದರು. ಕೆಲವರು ಹೋಟೆಲುಗಳಲ್ಲಿ, ಕೆಲವರು ಗಿರಣಿಗಳಲ್ಲಿ. ಊರಿಗೂ ಅವರಿಗೂ ಇದ್ದ ನಂಟು ಅಂಚೆಯ ಇನ್‌ಲ್ಯಾಂಡ್ ಕಾಗದವೊಂದೇ. ನಮ್ಮ ಅಜ್ಜಿಗೆ ಓದುಬರಹ ಬಾರದು. ಮನೆಯ ಮಾತು ತುಳು, ಕಾಗದ ಬರುತ್ತಿದ್ದುದು ಕನ್ನಡದಲ್ಲಿ. ಆದ್ದರಿಂದ ಅಂಚೆಯವನು ಬಂದೊಡನೆ ಅಜ್ಜಿ ನನ್ನನ್ನು ಕೂಗುತ್ತಿದ್ದರು. ನಾನು ಚಾವಡಿಯಲ್ಲಿ ಕುಳಿತು ಕನ್ನಡದಲ್ಲಿ ಓದಿ, ತುಳುವಿನಲ್ಲಿ ತಿಳಿಸಬೇಕು. ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯಬೇಕು. ನೆರೆಮನೆಯವರೂ ತಮ್ಮ ಕಾಗದಗಳನ್ನು ಹಿಡಿದು ಬರುತ್ತಿದ್ದರು. ಸಾಲ, ಜ್ವರ, ಮದುವೆಯ ಮಾತುಕತೆ, ಮನಸ್ತಾಪ ಎಲ್ಲವೂ ಎಂಟು ವರ್ಷದ ಹುಡುಗನ ಬಾಯಿಂದಲೇ ಹೊರಬರಬೇಕಾಗಿತ್ತು.

ಇದನ್ನೇಕೆ ಹೇಳುತ್ತಿದ್ದೇನೆಂದರೆ, ದೂರದವರೊಡನೆ ಮಾತನಾಡುವ ಸಾಧನ ನಮ್ಮ ಕರಾವಳಿಯಲ್ಲಿ ಮಕ್ಕಳ ಕೈಗೆ ಬಂದದ್ದು ಮೊಬೈಲಿನಿಂದಲ್ಲ. ಅದು ಹಿಂದಿನಿಂದಲೂ ಮಕ್ಕಳ ಕೈಯಲ್ಲೇ ಇತ್ತು. ಆದರೆ ಆ ಕೈಯ ಸುತ್ತ ಹತ್ತು ಜನ ಕುಳಿತಿರುತ್ತಿದ್ದರು.

ಹಿರಿಯರು ಹೆದರಿದ್ದು ಬೇರೆಯ ಸಂಗತಿಗಳಿಗೆ. ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಪ್ರಕಟವಾದದ್ದು 1899ರಲ್ಲಿ, ನಮ್ಮ ಜಿಲ್ಲೆಯಲ್ಲೇ. ಅದಾಗಿ ಅರ್ಧ ಶತಮಾನ ಕಳೆದಿದ್ದರೂ ನಮ್ಮ ಮನೆಯಲ್ಲಿ ಕಾದಂಬರಿ ಎಂದರೆ ಮಕ್ಕಳನ್ನು ಕೆಡಿಸುವ ವಸ್ತು. ಕೋಟದ ಶಿವರಾಮ ಕಾರಂತರು ಮಕ್ಕಳಿಗಾಗಿ ಬಾಲಪ್ರಪಂಚದ ಸಂಪುಟಗಳನ್ನು ಬರೆದವರೆಂದು ಶಾಲೆಯಲ್ಲಿ ಹೊಗಳುತ್ತಿದ್ದರು. ಅದೇ ಕಾರಂತರ ಕಾದಂಬರಿಯನ್ನು ಮಾತ್ರ ನಾನು ಹಟ್ಟಿಯ ಹಿಂದೆ ಕುಳಿತು ಓದಬೇಕಾಗಿತ್ತು. ಟೆಂಟಿನ ಸಿನಿಮಾಕ್ಕೆ ಹೋದದ್ದು ತಿಳಿದರೆ ಬೆತ್ತ ಕಾಯುತ್ತಿತ್ತು. ಪರೀಕ್ಷೆಯ ದಿನಗಳಲ್ಲಿ ಬಯಲಾಟದ ಚೆಂಡೆ ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕಿತ್ತು. ಮುಂದೆ 1976ರಲ್ಲಿ ಮಂಗಳೂರು ಆಕಾಶವಾಣಿ ಬಂದಾಗ ರೇಡಿಯೋದ ಮೇಲೆ, 1987ರಲ್ಲಿ ದೂರದರ್ಶನದ ರಾಮಾಯಣ ಬಂದಾಗ ಟಿವಿಯ ಮೇಲೆ ಇದೇ ದೂರು. ಅಷ್ಟರಲ್ಲಿ ನಾನು ಕಾರ್ಕಳದ ಕಡೆ ಅಧ್ಯಾಪಕನಾಗಿದ್ದೆ. ದೂರುವವರ ಸಾಲಿನಲ್ಲಿ ನಾನೇ ಮುಂದೆ ನಿಂತಿದ್ದೆ. ಪಾಠಪುಸ್ತಕದೊಳಗೆ ಬಚ್ಚಿಟ್ಟ ಕಾದಂಬರಿಗಳನ್ನು ನಾನು ವಶಪಡಿಸಿಕೊಂಡದ್ದು ನಿಮ್ಮಲ್ಲಿ ಹಲವರಿಗೆ ನೆನಪಿದೆ. ಅವುಗಳಲ್ಲಿ ಕೆಲವನ್ನು ಮನೆಗೆ ಒಯ್ದು ನಾನೇ ಓದಿದೆನೆಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಈ ಚರಿತ್ರೆಯನ್ನು ಕೇಳಿದವರು, "ಹಾಗಿದ್ದರೆ ಪ್ರತಿಯೊಂದು ತಲೆಮಾರೂ ಹೊಸ ವಸ್ತುವಿಗೆ ಹೆದರುತ್ತದೆ, ಮಕ್ಕಳೇನೂ ಹಾಳಾಗಲಿಲ್ಲವಲ್ಲ, ಮೊಬೈಲಿನ ವಿಷಯದಲ್ಲೂ ಅಷ್ಟೇ" ಎನ್ನುತ್ತಾರೆ. ನಾನೂ ಬಹುಕಾಲ ಹಾಗೆಂದೇ ಸಮಾಧಾನಪಟ್ಟುಕೊಂಡಿದ್ದೆ. ಈಗ ಅದು ಅರ್ಧಸತ್ಯವೆಂದು ತೋರುತ್ತದೆ. ಆ ಹಳೆಯ ವಸ್ತುಗಳಿಗೆಲ್ಲ ಎರಡು ಗುಣಗಳಿದ್ದವು. ಮೊದಲನೆಯದು, ಅವು ಮುಗಿಯುತ್ತಿದ್ದವು. ಕಾದಂಬರಿಗೆ ಕೊನೆಯ ಪುಟವಿತ್ತು. ಬಯಲಾಟಕ್ಕೆ ಬೆಳಗಿನ ಮಂಗಳವಿತ್ತು. ರೇಡಿಯೋ ರಾತ್ರಿ ಮೌನವಾಗುತ್ತಿತ್ತು. 1970ರ ಜನವರಿಯಲ್ಲಿ ಮಣಿಪಾಲದಿಂದ ಹೊರಟ ಉದಯವಾಣಿಯ ಒಂದು ಪ್ರತಿಯನ್ನು ಓದಿ ಮಡಚಿಟ್ಟರೆ, ಮರುದಿನ ಬೆಳಗಿನವರೆಗೆ ಹೊಸ ಸುದ್ದಿಯಿರಲಿಲ್ಲ. ಎರಡನೆಯದು, ಅವಕ್ಕೆ ಸಾಕ್ಷಿಗಳಿದ್ದರು. ರೇಡಿಯೋ, ಟಿವಿ ಎರಡೂ ಇದ್ದುದು ಚಾವಡಿಯಲ್ಲಿ. ಟಿವಿಯಿದ್ದ ಒಂದು ಮನೆಗೆ ಇಡೀ ಕೇರಿಯೇ ಬಂದು ಕುಳಿತುಕೊಳ್ಳುತ್ತಿತ್ತು. ಕದ್ದು ಓದುವ ಕಾದಂಬರಿಯೂ ಗೆಳೆಯರ ಕೈಯಿಂದ ಕೈಗೆ ಹೋಗಿ, ಅವರೊಡನೆ ಚರ್ಚೆಯಾಗಿಯೇ ತೀರುತ್ತಿತ್ತು. ಮನೆಗೆ ದೂರವಾಣಿ ಬಂದಾಗಲೂ ಅದನ್ನು ಇಟ್ಟದ್ದು ಚಾವಡಿಯ ಮೇಜಿನ ಮೇಲೆಯೇ. ಹಳದಿ ಹಲಗೆಯ ಎಸ್‌ಟಿಡಿ ಬೂತಿನ ಗಾಜಿನ ಗೂಡಿನಲ್ಲಿ ಕೂಡ ಎದುರಿನ ಮೀಟರು ಓಡುತ್ತ ಮಾತು ಮುಗಿಸಲು ಎಚ್ಚರಿಸುತ್ತಿತ್ತು.

ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ದೆಹಲಿಗೆ. ಮೊದಮೊದಲು ಕರೆ ಸ್ವೀಕರಿಸಿದವರೂ ಹಣ ತೆರಬೇಕಾಗಿತ್ತು. 2003ರಲ್ಲಿ ಅದು ತಪ್ಪಿದ ಮೇಲೆ ನಮ್ಮ ಹಳ್ಳಿಗಳಲ್ಲೂ ಮೊಬೈಲು ಹರಡಿತು. ಗಲ್ಫಿನಲ್ಲಿದ್ದವರ ಮನೆಗಳಿಗಂತೂ ಅದು ಇನ್‌ಲ್ಯಾಂಡ್ ಕಾಗದದ ಜಾಗಕ್ಕೆ ಬಂದ ವಸ್ತು.

ಈಗ ನನ್ನ ಪ್ರಸಂಗ. 2005ರ ಮಳೆಗಾಲ. ಹತ್ತನೆಯ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಗುಂಡಿಯೊತ್ತುವ ಚಿಕ್ಕ ಮೊಬೈಲು ಸಿಕ್ಕಿತು. ಕಾರಣ ಕೇಳದೆ ಅದನ್ನು ಕಿತ್ತು ನನ್ನ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಹುಡುಗ ಬಾಯಿ ಬಿಡಲಿಲ್ಲ. ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಡ್ರಾಯರಿನೊಳಗೆ ಅದು ಬಡಿದುಕೊಂಡಿತು. ಆರಿಸಿಟ್ಟೆ. ಹೀಗೆ ಮೂರು ವಾರ ಕಳೆಯಿತು. ನಾಲ್ಕನೆಯ ವಾರ ಅವನ ಅಜ್ಜಿ ಎರಡು ಬಸ್ಸು ಬದಲಾಯಿಸಿ ಶಾಲೆಗೆ ಬಂದರು. ಹುಡುಗನ ತಂದೆ ಗಲ್ಫಿನಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಶುಕ್ರವಾರ ಒಂದು ಹೊತ್ತು ಮಾತ್ರ ಬಿಡುವು. ಆ ಹೊತ್ತು ನಮ್ಮ ಶಾಲೆಯ ಊಟದ ಗಂಟೆ. ತಾಯಿ ಇಲ್ಲದ ಹುಡುಗ. ಅಜ್ಜಿ ನನ್ನ ಮೇಲೆ ಸಿಟ್ಟಾಗಲಿಲ್ಲ. "ಮಾಸ್ಟ್ರೇ, ಮೊಬೈಲನ್ನು ಅವನಿಗೆ ಕೊಡಬೇಡಿ, ನೀವು ಹೇಳುವುದು ಸರಿಯೇ. ಆದರೆ ಶುಕ್ರವಾರ ಅದು ಕೂಗಿದಾಗ ನೀವೇ ಎತ್ತಿ, ಮಗ ಕ್ಷೇಮವಾಗಿದ್ದಾನೆ ಎಂದು ಒಂದು ಮಾತು ಹೇಳಿಬಿಡಿ. ಅಲ್ಲಿ ಅವನು ಊಟ ಮಾಡುತ್ತಿಲ್ಲವಂತೆ" ಎಂದರು.

ಕಾಪುವಿನ ಚಾವಡಿಯಲ್ಲಿ ಕಾಗದ ಓದುತ್ತಿದ್ದ ಹುಡುಗ ನಾನೇ ಅಲ್ಲವೇ? ಅಂಚೆಯವನಿಂದ ಬಂದ ಕಾಗದವನ್ನು ಯಾರಾದರೂ ಮೂರು ವಾರ ಬೀಗ ಹಾಕಿಟ್ಟಿದ್ದರೆ ನಮ್ಮ ಅಜ್ಜಿಯ ಗತಿ ಏನಾಗುತ್ತಿತ್ತು? ನಾಚಿಕೆಯಿಂದ ತಲೆ ತಗ್ಗಿಸಿದೆ. ಅಂದಿನಿಂದ ಆ ಮೊಬೈಲು ನನ್ನ ಡ್ರಾಯರಿನಲ್ಲೇ ಉಳಿಯಿತು, ಆದರೆ ಬೀಗವಿರಲಿಲ್ಲ. ಶುಕ್ರವಾರ ಒಂದು ಗಂಟೆಗೆ ಹುಡುಗ ಅಧ್ಯಾಪಕರ ಕೋಣೆಗೆ ಬರುತ್ತಿದ್ದ, ನಮ್ಮೆದುರಿಗೇ ಅಪ್ಪನೊಡನೆ ಹತ್ತು ನಿಮಿಷ ಮಾತನಾಡುತ್ತಿದ್ದ, ಇಟ್ಟು ಹೋಗುತ್ತಿದ್ದ. ಮಾರ್ಚಿನ ಪರೀಕ್ಷೆಯವರೆಗೂ ಹೀಗೇ ನಡೆಯಿತು. ನಿಷೇಧವೂ ಅಲ್ಲ, ಸ್ವಚ್ಛಂದವೂ ಅಲ್ಲದ ಮೂರನೆಯ ದಾರಿಯೊಂದಿದೆ ಎಂದು ಓದುಬರಹ ಬಾರದ ಆ ಹಿರಿಯರು ನನಗೆ ಕಲಿಸಿದರು.

ಪಾಠದ ಉಳಿದರ್ಧವನ್ನು ಕಲಿತದ್ದು 2020ರಲ್ಲಿ. ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಮೇ ತಿಂಗಳಲ್ಲಿ ಮುಂಬಯಿಯಿಂದ ಊರಿಗೆ ಮರಳಿದವರಿಗೆ ನಮ್ಮ ಜಿಲ್ಲೆಯ ಶಾಲೆಗಳೇ ಕ್ವಾರಂಟೈನ್ ಕೇಂದ್ರಗಳಾದವು. ಜೂನಿನಲ್ಲಿ ರಾಜ್ಯ ಸರ್ಕಾರ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈ 8ರಂದು ರಾಜ್ಯದ ಉಚ್ಚ ನ್ಯಾಯಾಲಯ, ಅದು ಮಕ್ಕಳ ಶಿಕ್ಷಣದ ಹಕ್ಕಿಗೆ ವಿರುದ್ಧವೆಂದು ಆ ಆದೇಶಕ್ಕೆ ತಡೆ ನೀಡಿತು. ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯಲ್ಲಿ ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ವಿಂಗಡಿಸಿದರು. ಅಧ್ಯಾಪಕರು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುತ್ತಿದ್ದ ಆ ಯೋಜನೆಯೂ ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಂತಿತು. ಶಾಲೆಯ ಗೇಟಿನೊಳಗೆ ಮೊಬೈಲು ತಂದರೆ ಶಿಕ್ಷೆ ಎನ್ನುತ್ತಿದ್ದ ನಾವೇ, ಮೊಬೈಲು ಇಲ್ಲದಿದ್ದರೆ ಪಾಠವಿಲ್ಲ ಎನ್ನುವ ಸ್ಥಿತಿಗೆ ಬಂದೆವು.

ನಮ್ಮ ಸಂಬಂಧಿಕರ ಮನೆಯೊಂದರಲ್ಲಿ ಅಣ್ಣ, ತಂಗಿ ಇಬ್ಬರು ಮಕ್ಕಳು, ಫೋನು ಒಂದು. ಇಬ್ಬರ ಪಾಠವೂ ಬೆಳಿಗ್ಗೆ ಒಂದೇ ಹೊತ್ತಿಗೆ. ಫೋನು ಅಣ್ಣನ ಪಾಲಾಯಿತೆಂದು ಹೇಳಬೇಕಾಗಿಯೇ ಇಲ್ಲ. ಎಂಟನೆಯ ತರಗತಿಯ ಆ ಹುಡುಗಿ ಒಂದು ವರ್ಷ ಅಡುಗೆಮನೆಯಲ್ಲಿ ಕಳೆದಳು. ತಿಳಿದ ಮೇಲೆ ನಾನು ಅವಳನ್ನು ನಮ್ಮ ಜಗಲಿಗೆ ಕರೆಸಿ ಪಾಠ ಹೇಳಿದೆ, ತಿಳಿದದ್ದೇ ತಡವಾಗಿತ್ತು. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯ ಒಂದು ಚಿತ್ರ ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು: ಸಿಗ್ನಲ್ಲಿಗಾಗಿ ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುವ ಮಗಳಿಗೆ ಸುರಿವ ಮಳೆಯಲ್ಲಿ ಕೊಡೆ ಹಿಡಿದು ನಿಂತ ತಂದೆ. ಆ ಚಿತ್ರ ಕಂಡಾಗಲೆಲ್ಲ ಅಡುಗೆಮನೆಯಲ್ಲಿದ್ದ ಹುಡುಗಿ ನನ್ನ ಕಣ್ಣ ಮುಂದೆ ಬರುತ್ತಾಳೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ 5 ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ, ಶೇಕಡಾ 92 ಮಕ್ಕಳು ಹಿಂದಿನ ವರ್ಷ ತಮಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನಾದರೂ ಕಳೆದುಕೊಂಡಿದ್ದರು. ಗಣಿತದಲ್ಲಿ ಅದು ಶೇಕಡಾ 82. ಫೋನು ಶಾಲೆಯಾಗಲಿಲ್ಲ, ಆದರೆ ಫೋನಿಲ್ಲದ ಮಗುವಿಗೆ ಅಷ್ಟೂ ದಕ್ಕಲಿಲ್ಲ.

ಶಾಲೆಗಳು ಮತ್ತೆ ತೆರೆದವು. ಪಾಠಕ್ಕೆಂದು ಮಗುವಿನ ಕೈಗೆ ಬಂದ ಫೋನು ಮಾತ್ರ ಚಾವಡಿಗೆ ಹಿಂದಿರುಗಲಿಲ್ಲ. 2024ರ ಅಸರ್ ವರದಿಯ ಪ್ರಕಾರ ದೇಶದ ಗ್ರಾಮಾಂತರದಲ್ಲಿ 14ರಿಂದ 16 ವರ್ಷದ ಮಕ್ಕಳಲ್ಲಿ ಶೇಕಡಾ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇಕಡಾ 57, ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ಶೇಕಡಾ 76. ಬಳಸಬಲ್ಲ 16 ವರ್ಷದವರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ಸ್ವಂತ ಫೋನೇ ಇದೆ; ಹುಡುಗಿಯರಿಗಿಂತ ಹುಡುಗರಿಗೆ ಹೆಚ್ಚು. ಚಾವಡಿಯಲ್ಲಿದ್ದ ವಸ್ತು ಮೊದಲ ಬಾರಿಗೆ ಒಬ್ಬರ ಅಂಗೈಗೆ, ಹೊದಿಕೆಯೊಳಕ್ಕೆ ಹೋಗಿದೆ. ಅಲ್ಲಿ ಸಾಕ್ಷಿಗಳಿಲ್ಲ. ಬೆರಳು ಸರಿಸಿದಷ್ಟೂ ಹೊಸತು ಬರುವುದರಿಂದ ಮಂಗಳವೂ ಇಲ್ಲ. ಆಸ್ಟ್ರೇಲಿಯ ದೇಶವು 2024ರಲ್ಲಿ ಕಾಯಿದೆ ಮಾಡಿ, 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಪ್ರಮುಖ ಜಾಲತಾಣಗಳ ಖಾತೆಯನ್ನು ನಿಲ್ಲಿಸಿದೆ. ಅಲ್ಲಿ ನಿಷೇಧಿಸಿದ್ದು ಫೋನನ್ನಲ್ಲ, ಮುಗಿಯದ ಆಟವನ್ನು. ಅದರ ಫಲವನ್ನು ಕಾದು ನೋಡಬೇಕು. ಹಟ್ಟಿಯ ಹಿಂದೆ ಕಾದಂಬರಿ ಓದಿದವನಾದ ನನಗೆ ಕಾಯಿದೆಯೊಂದರಲ್ಲೇ ನಂಬಿಕೆಯಿಲ್ಲ.

ಹಾಗಾದರೆ ಮಣಿಪಾಲದ ತಾಯಿಗೆ ನಾನೇನು ಹೇಳಲಿ?

ಮಗೂ, ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ ಅವನಿಗೆ ಸ್ವಂತ ಫೋನು ಕೊಡಿಸಬೇಡ. ಮನೆಗೆ ಒಂದು ಫೋನು ಇರಲಿ, ಅದು ಚಾವಡಿಯಲ್ಲಿರಲಿ. ಅವನು ಎಲ್ಲರೆದುರು ಅದರಲ್ಲಿ ಪಾಠ ನೋಡಲಿ, ಅಜ್ಜನೊಡನೆ ಮಾತನಾಡಲಿ, ಆಟವನ್ನೂ ಆಡಲಿ; ರಾತ್ರಿ ಊಟದ ಹೊತ್ತಿಗೆ ಅದಕ್ಕೆ ಮಂಗಳ ಹಾಡಿರಿ. ಸಂಜೆ ಬಸ್ಸು ತಪ್ಪಿದರೆ ತಿಳಿಸಲು ಗುಂಡಿಯೊತ್ತುವ ಸಾದಾ ಫೋನು ಸಾಕು. ನಾಳೆ ನಿನ್ನ ಮಗಳು ಕೇಳಿದಾಗಲೂ ಇದೇ ನಿಯಮವಿರಲಿ, ಅಣ್ಣನಿಗೊಂದು ತಂಗಿಗೊಂದು ಬೇಡ. ಎಲ್ಲಕ್ಕಿಂತ ಕಷ್ಟದ ಮಾತು ಕೊನೆಯದು: ನಿನ್ನ ಫೋನೂ, ನಿನ್ನ ಯಜಮಾನರ ಫೋನೂ ಅದೇ ಮೇಜಿನ ಮೇಲಿರಬೇಕು. ನಾವು ಕಾದಂಬರಿ ಓದುತ್ತ ಮಕ್ಕಳ ಕಾದಂಬರಿ ಕಿತ್ತುಕೊಂಡವರು; ಆ ತಪ್ಪನ್ನು ನೀವು ಮತ್ತೆ ಮಾಡಬೇಡಿ.

ಶಾಲೆಗಳಲ್ಲಿರುವ ನನ್ನ ಶಿಷ್ಯರಿಗೂ ಒಂದು ಮಾತು. ಗೇಟಿನೊಳಗೆ ಮೊಬೈಲು ಬೇಡವೆನ್ನಿ, ಆ ಅಧಿಕಾರ ನಿಮಗಿದೆ. ಆದರೆ ಮನೆಗೆ ಹೋದ ಮೇಲೆ ವಾಟ್ಸಾಪಿನಲ್ಲಿ ಮನೆಗೆಲಸ ಕಳುಹಿಸಿ ಅದೇ ಮಗುವಿನ ಕೈಗೆ ಮೊಬೈಲು ತುರುಕಬೇಡಿ. ಕಿತ್ತುಕೊಳ್ಳುವ ಮೊದಲು, ಇದು ಯಾರ ಕರೆಗಾಗಿ ಎಂದು ಒಂದು ಮಾತು ಕೇಳಿ.

ಆ ಶುಕ್ರವಾರದ ಹುಡುಗ ಈಗ ತಾನೇ ಗಲ್ಫಿನಲ್ಲಿದ್ದಾನೆ, ಅವನ ಮಗಳು ಊರಿನಲ್ಲಿ ಓದುತ್ತಿದ್ದಾಳೆ. ಆಗೊಮ್ಮೆ ಈಗೊಮ್ಮೆ ನನಗೂ ಕರೆ ಮಾಡುತ್ತಾನೆ. ಶುಕ್ರವಾರವೇ, ಮಧ್ಯಾಹ್ನ ಒಂದು ಗಂಟೆಗೆ.