ಆಂಗ್ಲ ಭಾಷಾ ಪರೀಕ್ಷೆಯೂ ನಮ್ಮ ಗಡಿನಾಡೂ

ಕಂಬದೂರೆಂದೊಡನೆ ಸಂಶೋಧಕರಿಗೆ ಅಲ್ಲಿಯ ಪ್ರಾಚೀನ ಶಿವಾಲಯ ನೆನಪಾಗುತ್ತದೆ. ಆದರೆ ಈ ಸೀಮೆಯ ಚರಿತ್ರೆಯಲ್ಲಿ ಇಂಗ್ಲಿಷ್ ಪರೀಕ್ಷೆಯದೂ ಒಂದು ಅಧ್ಯಾಯವುಂಟು. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ ಈ ಭಾಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಉನ್ನತ ವಿದ್ಯೆಗೆ ಮೆಟ್ರಿಕ್ಯುಲೇಷನ್ನೇ ಹೆಬ್ಬಾಗಿಲು. 1882ರಲ್ಲಿ ಅನಂತಪುರ ಜಿಲ್ಲೆಯಾಯಿತು, 1916ರಲ್ಲಿ ಅಲ್ಲಿ ಕಾಲೇಜೂ ಬಂತು. ಬಾಗಿಲು ಹತ್ತಿರವಾಯಿತು, ಬೀಗ ಮಾತ್ರ ಅದೇ.

ಈಗ ಬಾಗಿಲು ಕಡಲಾಚೆಗಿದೆ. ವಿದೇಶೀಯರಿಗಾಗಿ ಕೇಂಬ್ರಿಜ್ಜಿನವರು 1913ರಲ್ಲಿ ಆರಂಭಿಸಿದ ಪರೀಕ್ಷೆ ಮುಖ್ಯವಾಗಿ ಇಂಗ್ಲಿಷ್ ಕಲಿಸಬಯಸುವ ಉಪಾಧ್ಯಾಯರಿಗಾಗಿತ್ತು. ಭಾಷಾಂತರ, ವ್ಯಾಕರಣ, ಧ್ವನಿಶಾಸ್ತ್ರ ಮೊದಲಾಗಿ ಹನ್ನೆರಡು ಗಂಟೆಗಳ ಪರೀಕ್ಷೆ. ಕುಳಿತವರು ಮೂವರು, ತೇರ್ಗಡೆಯಾದವರು ಒಬ್ಬರೂ ಇಲ್ಲ! ವೃತ್ತಿಬಾಂಧವರಾದ ನಾವು ನಗುವಂತಿಲ್ಲ.

1964ರಲ್ಲಿ ಅಮೆರಿಕೆಯ ಟೋಫೆಲ್, 1989ರಲ್ಲಿ ಐಇಎಲ್‌ಟಿಎಸ್ ಬಂದವು. ಎರಡನೆಯದರಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗಗಳು, ಭಾಷಾಂತರವಿಲ್ಲ. ನಾವಾದರೋ ಇನ್ನೂ 1913ರ ಪರೀಕ್ಷೆಗೇ ಮಕ್ಕಳನ್ನು ಅಣಿಗೊಳಿಸುತ್ತಿದ್ದೇವೆ.

ಯಾವುದನ್ನು ಆರಿಸಬೇಕೆಂಬುದಕ್ಕೆ ಸೇರಬೇಕಾದ ವಿದ್ಯಾಲಯದ ನಿಯಮವೇ ಪ್ರಮಾಣ, ನೆರೆಮನೆಯವನ ಮಾತಲ್ಲ. ಫಲಿತಾಂಶ ಸಾಮಾನ್ಯವಾಗಿ ಎರಡೇ ವರ್ಷ ಸಲ್ಲುವುದರಿಂದ ಆತುರವೂ ಸಲ್ಲದು.

ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮ್ಮ ಹುಡುಗ ತಡವರಿಸುವುದು ಮಾತಿನ ಭಾಗದಲ್ಲಿ. ಐಇಎಲ್‌ಟಿಎಸ್‌ನಲ್ಲಿ ಚೀಟಿಯೊಂದರ ಮೇಲಿನ ವಿಷಯವನ್ನು ಒಂದು ನಿಮಿಷ ಯೋಚಿಸಿ, ಎರಡು ನಿಮಿಷದವರೆಗೆ ಮಾತನಾಡಬೇಕು. ಇದನ್ನು ಎಂಟನೆಯ ತರಗತಿಯಲ್ಲೇ ಆಡಿಸಬಹುದು. ಬೇಕಾಗುವುದು ಒಂದು ಚೂರು ಕಾಗದ.